42 ಚೀಟಿ, 625 ಲೀಟರ್

ಗೇಲ್ ಎಂಬ ಹದಿನೆಂಟರ ಹುಡುಗನ ಹೆಸರು 42 ಚೀಟಿಗಳಲ್ಲಿದೆ. ಅವನ ಜೊತೆ ಕಾಡಿಗೆ ಬೇಟೆಗೆ ಹೋಗುವ ಹದಿನಾರರ ಕ್ಯಾಟ್ನಿಸ್‌ಳ ಹೆಸರು 20 ಚೀಟಿಗಳಲ್ಲಿ. ಅವಳ ತಂಗಿ, ಹನ್ನೆರಡು ತುಂಬಿದ ಪ್ರಿಮ್‌ಳದು ಒಂದೇ ಒಂದು. ಗಾಜಿನ ಗೋಲದೊಳಗೆ ಕೈ ಹಾಕಿದಾಗ ಸಿಗುವುದು ಆ ಒಂದೇ ಚೀಟಿ. ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ ‘ದಿ ಹಂಗರ್ ಗೇಮ್ಸ್’ ಕಾದಂಬರಿಯ ಮೊದಲ ಅಧ್ಯಾಯ ಮುಗಿಯುವುದು ಅಲ್ಲಿಗೆ. ಬಿಲ್ಲುಬಾಣ, ಟೀವಿ ಕ್ಯಾಮೆರಾಗಳ ಕಣ್ಣೆದುರು ಮಕ್ಕಳು ಮಕ್ಕಳನ್ನೇ ಕೊಲ್ಲುವ ಆಟ, ಇವೆಲ್ಲ ಆಮೇಲಿನದು. ನನ್ನನ್ನು ಹಿಡಿದು ಕೂರಿಸಿದ್ದು ಚೀಟಿಗಳ ಸಂಖ್ಯೆ.

ಓದಿದ ರಾತ್ರಿ ಹಳೆಯ ಎಪಿಸೋಡೊಂದರ ಹಾಳೆಯನ್ನು ಮಗುಚಿ ಲೆಕ್ಕ ಹಾಕಿದೆ. ಪಾನೆಮ್ ಎಂಬ ಆ ದೇಶದಲ್ಲಿ ರಾಜಧಾನಿಯವರು ಪ್ರತಿ ವರ್ಷ ಹನ್ನೆರಡು ಜಿಲ್ಲೆಗಳ ಮಕ್ಕಳನ್ನು ಚೀಟಿ ಎತ್ತಿ ಆ ಆಟಕ್ಕೆ ಆರಿಸುತ್ತಾರೆ. ಮಗುವಿಗೆ ಹನ್ನೆರಡಾದಾಗ ಹೆಸರು ಒಂದು ಸಲ ಗೋಲದೊಳಗೆ ಬೀಳುತ್ತದೆ. ಮುಂದೆ ವರ್ಷಕ್ಕೊಂದು. ಮನೆಯಲ್ಲಿ ಹಿಟ್ಟಿಲ್ಲದಿದ್ದರೆ ಒಬ್ಬರ ಹೊಟ್ಟೆಗೆ ಒಂದು ವರ್ಷಕ್ಕಾಗುವಷ್ಟು ಕಾಳು, ಎಣ್ಣೆ ಪಡೆಯಬಹುದು. ಅದಕ್ಕೆ ಬೆಲೆ ಇನ್ನೊಂದು ಚೀಟಿ. ಹಾಕಿದ ಚೀಟಿ ಮರುವರ್ಷವೂ ಗೋಲದಲ್ಲೇ ಇರುತ್ತದೆ. ಕ್ಯಾಟ್ನಿಸ್‌ಳ ಮನೆಯಲ್ಲಿ ಮೂರು ಬಾಯಿ, ಕಡ್ಡಾಯದ ಒಂದು ಸೇರಿ ವರ್ಷಕ್ಕೆ ನಾಲ್ಕು. ಐದು ವರ್ಷಕ್ಕೆ ಇಪ್ಪತ್ತು. ಗೇಲ್‌ನ ಮನೆಯಲ್ಲಿ ಐದು ಬಾಯಿ, ವರ್ಷಕ್ಕೆ ಆರು. ಏಳು ವರ್ಷಕ್ಕೆ ನಲವತ್ತೆರಡು. ಲೆಕ್ಕ ತಾಳೆಯಾಯಿತು. ಕನ್ನಡದ ದಿನಧಾರಾವಾಹಿಗಳಿಗೆ ಸಂಭಾಷಣೆ ಬರೆದು ಬದುಕುವ ನನಗೆ ಇದು ಸಣ್ಣ ಆಘಾತವೇ. ನಮ್ಮಲ್ಲಿ ನಾಯಕಿ ಹದಿನಾಲ್ಕು ತಿಂಗಳು ಬಸುರಿಯಾಗಿದ್ದರೂ ಯಾರೂ ಕೇಳುವುದಿಲ್ಲ. ಬಡವರ ಮನೆಯ ಮಗುವೇ ಹೆಚ್ಚು ಸಾಯುತ್ತದೆ ಎಂಬುದನ್ನು ಈಕೆ ಬರೀ ಮಾತಿನಲ್ಲಿ ಬಿಡದೆ, ಒಂದು ಗುಣಾಕಾರದಲ್ಲಿ ಇಟ್ಟುಬಿಟ್ಟಿದ್ದರು.

ಹದಿಹರೆಯದವರಿಗಾಗಿ ಕನ್ನಡದಲ್ಲಿ ಇಂಥದ್ದೊಂದು ಕಾದಂಬರಿ ಬರೆಯಬೇಕೆಂದು ಅಂದೇ ಅನ್ನಿಸಿತು. ಅದು 2017. ಬರೆದು ಮುಗಿಸಲು ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದರಲ್ಲಿ ಮೊದಲ ವರ್ಷ ಪೂರ್ತಿ ವ್ಯರ್ಥ.

ವ್ಯರ್ಥವಾದದ್ದು ಹೇಗೆಂದರೆ, ನಾನು ಆಟವನ್ನು ಕದ್ದೆ. ಆಗ ನಮ್ಮ ರಾಜ್ಯದಲ್ಲಿ 30 ಜಿಲ್ಲೆಗಳಿದ್ದವು. ಜಿಲ್ಲೆಗೊಬ್ಬ ಹುಡುಗ, ಒಬ್ಬಳು ಹುಡುಗಿ, ಒಟ್ಟು ಅರವತ್ತು ಮಕ್ಕಳನ್ನು ಪಶ್ಚಿಮಘಟ್ಟದ ಕಾಡೊಂದಕ್ಕೆ ಬಿಟ್ಟೆ. ಕಾಲಿನ್ಸ್ ಅವರ ಕಣದಲ್ಲಿ ಇಪ್ಪತ್ನಾಲ್ಕೇ ಮಕ್ಕಳಿರುವುದಕ್ಕೆ ಕಾರಣವಿದೆ ಎಂದು ನನಗೆ ತಿಳಿದದ್ದು ಎಂಬತ್ತನೆಯ ಪುಟದಲ್ಲಿ. ಅಷ್ಟರಲ್ಲಿ ಹನ್ನೊಂದು ಮಂದಿಯನ್ನು ಕೊಂದಿದ್ದೆ, ಉಳಿದವರಲ್ಲಿ ಅರ್ಧದಷ್ಟು ಮಂದಿಯ ಹೆಸರು ನನಗೇ ನೆನಪಿರಲಿಲ್ಲ. ಮಂಡ್ಯದ ಹುಡುಗ ಎರಡು ಸಲ ಸತ್ತಿದ್ದ. ಹಸ್ತಪ್ರತಿಯನ್ನು ಕಪಾಟಿನ ಮೇಲಿಟ್ಟು, ಪುಸ್ತಕವನ್ನು ಬಿಟ್ಟು ಅದನ್ನು ಬರೆದವರ ಕಡೆ ತಿರುಗಿದೆ. ಈ ಹೆಂಗಸು ಈ ಲೆಕ್ಕವನ್ನು ಎಲ್ಲಿ ಕಲಿತರು?

ಕಾಲಿನ್ಸ್ ಹುಟ್ಟಿದ್ದು 1962ರಲ್ಲಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ನಾಲ್ವರು ಮಕ್ಕಳಲ್ಲಿ ಕೊನೆಯವರು. ತಂದೆ ವಾಯುಪಡೆಯ ಅಧಿಕಾರಿ, ಇತಿಹಾಸ ಪಾಠ ಮಾಡುತ್ತಿದ್ದವರು. 1968ರಲ್ಲಿ ಅವರನ್ನು ವಿಯೆಟ್ನಾಮಿಗೆ ಕಳಿಸಿದಾಗ ಮಗಳಿಗೆ ಆರು ವರ್ಷ. ವರ್ಗಾವಣೆಗಳ ಬೆನ್ನು ಹತ್ತಿ ಕುಟುಂಬ ಊರೂರು ಸುತ್ತಿತು, ಕೆಲಕಾಲ ಬ್ರಸೆಲ್ಸ್‌ನಲ್ಲೂ ಇತ್ತು. ಯುರೋಪಿನಲ್ಲಿ ರಜೆ ಎಂದರೆ ತಂದೆ ಮಕ್ಕಳನ್ನು ಹಳೆಯ ರಣರಂಗಗಳಿಗೆ ಕರೆದೊಯ್ಯುತ್ತಿದ್ದರು. ಜಾಗ ತೋರಿಸಿ ಸುಮ್ಮನಾಗುವ ಮನುಷ್ಯರಲ್ಲ. ಈ ಯುದ್ಧ ಯಾಕೆ ನಡೆಯಿತು, ಹೇಗೆ ನಡೆಯಿತು, ಮುಗಿದ ಮೇಲೆ ಏನಾಯಿತು ಎಂಬುದನ್ನೆಲ್ಲ ಮಕ್ಕಳು ತಿಳಿಯಬೇಕಿತ್ತು. ಮೂರು ಕಾದಂಬರಿಗಳ ಸರಣಿಯನ್ನು ಕಾಲಿನ್ಸ್ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬರೆದಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಗೆದ್ದ ಮೇಲೆ ಏನಾಯಿತು ಎಂಬುದಕ್ಕೆಂದೇ 2010ರ ‘ಮಾಕಿಂಗ್‌ಜೇ’ ಇದೆ. ನನ್ನ ಗೆಳತಿಯರಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ, ನಾಯಕಿ ಅರ್ಧ ಪುಸ್ತಕ ಮಂಕಾಗಿ ಕೂತಿರುತ್ತಾಳೆ ಎಂದು ದೂರು. ನನಗೆ ಮೂರರಲ್ಲಿ ಅದೇ ಹೆಚ್ಚು. ಯುದ್ಧದಿಂದ ಬಂದ ಮನುಷ್ಯ ಮನೆಯಲ್ಲಿ ಹೇಗಿರುತ್ತಾನೆ ಎಂಬುದನ್ನು ಕಂಡ ಮಗುವೊಂದು ಬರೆದ ಪುಸ್ತಕ ಅದು.

ಆ ಮಗುವನ್ನೇ ನೇರವಾಗಿ ಕಾಣಬೇಕಾದರೆ 2013ರಲ್ಲಿ ಬಂದ ‘ಇಯರ್ ಆಫ್ ದಿ ಜಂಗಲ್’ ಎಂಬ ಚಿತ್ರಪುಸ್ತಕ ನೋಡಬೇಕು. ಅಪ್ಪ ಎಲ್ಲೋ ಕಾಡಿಗೆ ಹೋಗಿದ್ದಾನೆ, ಅಂಚೆಯಲ್ಲಿ ಕಾರ್ಡುಗಳು ಬರುತ್ತವೆ, ಒಂದು ವರ್ಷ ಎಂದರೆ ಎಷ್ಟು ಉದ್ದ ಎಂಬುದು ಮಗುವಿಗೆ ಗೊತ್ತಿಲ್ಲ. ಕೆಲವೇ ಪುಟ. ಕಾಲಿನ್ಸ್ ಅವರ ಬೇರೆ ಯಾವ ಪುಸ್ತಕವನ್ನು ಓದದಿದ್ದರೂ ಬರೆಯುವವರು ಇದೊಂದನ್ನು ಓದಬೇಕು.

ಇನ್ನೊಂದು ವಿವರ ನನ್ನನ್ನು ನನ್ನ ಊರಿಗೇ ಕರೆದೊಯ್ದಿತು. ಅವರ ತಂದೆ ಬೆಳೆದದ್ದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಆ ಮನೆಯಲ್ಲಿ ಬೇಟೆ ಮೋಜಿಗಲ್ಲ, ಊಟಕ್ಕೆ. ತಂದೆಯಾದ ಮೇಲೂ ಕಾಡಿನಿಂದ ಅಣಬೆ ಆರಿಸಿ ತಂದು ಹುರಿದುಕೊಳ್ಳುತ್ತಿದ್ದರು, ಕಾಲಿನ್ಸ್ ಅವರ ತಾಯಿ ಮಾತ್ರ ಮಕ್ಕಳನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ನಾಯಕಿಯ ಹೆಸರು ಬಂದದ್ದೂ ಒಂದು ಜೊಂಡಿನಂಥ ನೀರುಗಿಡದಿಂದ. ಬಾಣದ ಮೊನೆಯಂಥ ಎಲೆ, ಕೆಸರಿನೊಳಗೆ ತಿನ್ನಲು ಬರುವ ಗೆಡ್ಡೆ, ಅದಕ್ಕೆ ಕ್ಯಾಟ್ನಿಸ್ ಎಂಬ ಹೆಸರಿದೆ. ನಮ್ಮದು ಕೋಲಾರ ಜಿಲ್ಲೆ. ಮಳೆ ಬಿದ್ದ ಹದಿನೈದು ದಿನಕ್ಕೆ ನಮ್ಮಮ್ಮ ರಾಗಿ ಹೊಲದ ಬದುವಿನಲ್ಲಿ ಬಗ್ಗಿಕೊಂಡೇ ನಡೆಯುತ್ತಿದ್ದಳು. ಅಣ್ಣೆ, ದೊಗ್ಗರಿ, ಕನ್ನೆ, ಗೋಣಿ, ಮಡಿಲು ತುಂಬ ಬೆರಕೆ ಸೊಪ್ಪು. ಯಾವುದನ್ನು ಬಿಡಬೇಕು ಎಂಬುದನ್ನು ಎಲೆಯ ಹಿಂಬದಿ ನೋಡಿ ಹೇಳುತ್ತಿದ್ದಳು. ಹಸಿವಿನ ಬಗ್ಗೆ ಬರೆಯಲು ನಾನು ಪಶ್ಚಿಮಘಟ್ಟಕ್ಕೆ ಯಾಕೆ ಹೋಗಿದ್ದೆನೋ!

ಹಸ್ತಪ್ರತಿ ಕಪಾಟಿನ ಮೇಲಿದ್ದಾಗಲೇ, 2018ರ ಜೂನಿನಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸತೊಡಗಿದರು. ಕೆ.ಸಿ. ವ್ಯಾಲಿ ಯೋಜನೆ. ತಮ್ಮ ಫೋನು ಮಾಡಿ, “ಅಕ್ಕಾ, ನೀನು ಸ್ನಾನ ಮಾಡಿದ ನೀರು ನಮ್ಮೂರಿಗೆ ಬಂತು” ಎಂದು ನಕ್ಕ. ಅವನಿಗೆ ಖುಷಿಯೂ ಇತ್ತು, ವರ್ಷಗಳಿಂದ ಒಣಗಿದ್ದ ಕೆರೆ ಅದು. ಆ ಯೋಜನೆಯ ಒಳಿತು ಕೆಡುಕು ಇಲ್ಲಿನ ಮಾತಲ್ಲ. ಒಂದು ರಾಜಧಾನಿ, ಅದು ಬಳಸಿ ಬಿಟ್ಟದ್ದರ ಮೇಲೆ ಬದುಕುವ ಒಂದು ಜಿಲ್ಲೆ: ನಾನು ಅಮೆರಿಕದ ಪುಸ್ತಕದಲ್ಲಿ ಹುಡುಕುತ್ತಿದ್ದ ನಕ್ಷೆ ತಮ್ಮನ ನಗೆಯೊಳಗಿತ್ತು.

ನೀರು ಸಿಕ್ಕಿತು. ಚೀಟಿಗೆ ಬದಲು ಏನು? ಇದಕ್ಕೆ ಎಂಟು ತಿಂಗಳು. ಉತ್ತರ ಬಂದದ್ದು ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನದ ಪತ್ರಿಕೆಯಿಂದ. ಮುಖಪುಟದ ತುಂಬ ಮಕ್ಕಳು, ಪ್ರತಿ ಮುಖದ ಕೆಳಗೂ 625ಕ್ಕೆ 625. ಆ ಸಂಖ್ಯೆಯನ್ನೇ ಎತ್ತಿಕೊಂಡೆ. ನನ್ನ ಕಾದಂಬರಿಯ ನಾಡಿನಲ್ಲಿ ಹತ್ತನೆಯ ತರಗತಿಯ ಮಗು ತೆಗೆದ ಅಂಕ ಎಷ್ಟೋ, ಆ ಮನೆಗೆ ದಿನಕ್ಕೆ ಅಷ್ಟು ಲೀಟರ್ ನೀರು. ಅಷ್ಟೇ ನಿಯಮ. ನಾನು ಬರೆಯುವಾಗ ತೇರ್ಗಡೆಯ ಗೆರೆ ಶೇ. 35, ಎಂದರೆ 219 ಅಂಕ. ಐದು ಮಂದಿಯ ಮನೆಗೆ 219 ಲೀಟರ್ ಹಂಚಿದರೆ ತಲೆಗೆ 44 ಕೂಡ ಬರುವುದಿಲ್ಲ. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಗುರಿ 55 ಲೀಟರ್. ದೊಡ್ಡ ನಗರದವರಿಗೆ ಲೆಕ್ಕ ಹಾಕುವುದು 135. ಇಲ್ಲಿಗೆ ಬಂದು ಪೆನ್ನು ನಿಂತಿತು. 135ನ್ನು ಐದರಿಂದ ಗುಣಿಸಿದರೆ 675. ನನ್ನ ಕಥೆಯ ಹುಡುಗಿ ಒಂದು ಅಂಕವನ್ನೂ ಬಿಡದೆ 625 ತೆಗೆದರೂ ರಾಜಧಾನಿಯ ಒಂದು ಸಾಧಾರಣ ಮನೆಗಿಂತ 50 ಲೀಟರ್ ಕಡಿಮೆಯೇ. ಪರೀಕ್ಷೆಯಲ್ಲಿ ಗೆಲ್ಲುವುದೇ ಸಾಧ್ಯವಿಲ್ಲ. ಇದನ್ನು ನಾನು ಹೊಸೆದದ್ದಲ್ಲ, ಇದ್ದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಾಗ ತಾನೇ ಬಿದ್ದದ್ದು. ಕಾದಂಬರಿಯ ಎರಡನೆಯ ಭಾಗದ ಕೊನೆಗೆ ನಾಯಕಿ ಈ ಗುಣಾಕಾರವನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಮಾಡುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಪೂರ್ತಿ ತೃಪ್ತಿ ಕೊಟ್ಟ ಪುಟ ಅದೊಂದೇ.

ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಕಾಲಿನ್ಸ್ ರಾಜಧಾನಿಯವರಿಗೆ ರೋಮನ್ ಹೆಸರುಗಳನ್ನಿಟ್ಟರು: ಸೆನೆಕಾ, ಸಿನ್ನಾ, ಕೊರಿಯೊಲೇನಸ್. ಪಾನೆಮ್ ಎಂಬುದೂ ಅಲ್ಲಿಯದೇ. ಜನರಿಗೆ ರೊಟ್ಟಿ ಮತ್ತು ಆಟ ಸಿಕ್ಕರೆ ಸಾಕೆಂದು ಜುವೆನಲ್ ಎಂಬ ರೋಮನ್ ಕವಿ ಮೂದಲಿಸಿದ ಸಾಲಿನ ‘ರೊಟ್ಟಿ’. ಕನ್ನಡದಲ್ಲಿ ಹೆಸರಿಡುವುದು ಇಷ್ಟು ಸಲೀಸಲ್ಲ. ಹೆಸರು ಹೇಳಿದ ಕೂಡಲೇ ಓದುಗ ಜಾತಿ, ಊರು, ಅಪ್ಪನ ಕೆಲಸ ಮೂರನ್ನೂ ಊಹಿಸುತ್ತಾನೆ, ಆಮೇಲೆ ಕಥೆಯನ್ನು ಆ ಊಹೆಯ ಕನ್ನಡಕದಲ್ಲೇ ಓದುತ್ತಾನೆ. ನಾಲ್ಕಾರು ಹೆಸರು ಹಚ್ಚಿ ಅಳಿಸಿದ ಮೇಲೆ, ಸರ್ಕಾರಿ ಕಾಗದದಲ್ಲೆಲ್ಲ ಮಕ್ಕಳಿಗೆ ನೋಂದಣಿ ಸಂಖ್ಯೆ ಮಾತ್ರ, ಮನೆಯಲ್ಲಿ ಮುದ್ದಿನ ಹೆಸರು ಮಾತ್ರ ಎಂದು ಗೊತ್ತು ಮಾಡಿಕೊಂಡೆ. ನಾಯಕಿಯನ್ನು ತಾಯಿ ಅಣ್ಣೆ ಎಂದು ಕರೆಯುತ್ತಾಳೆ. ಯಾರೂ ಬಿತ್ತದೆ ಬರುವ ಸೊಪ್ಪು.

ಶೈಲಿಗೆ ಬರುತ್ತೇನೆ. ನಾನು ಹೆಚ್ಚು ಹೆಣಗಿದ್ದು ಅಲ್ಲಿ.

ಕಾಲಿನ್ಸ್ ಅವರ ಮೂರೂ ಪುಸ್ತಕಗಳು ನಾಯಕಿಯ ಬಾಯಲ್ಲಿ, ವರ್ತಮಾನಕಾಲದಲ್ಲಿ ನಡೆಯುತ್ತವೆ. ಇದರ ಫಲ ಸರಳ. “ಓಡಿದೆ” ಎಂದು ಹೇಳುವವಳು ಬದುಕಿ ಉಳಿದು ಹೇಳುತ್ತಿದ್ದಾಳೆ. ಈಗ ಓಡುತ್ತಿರುವವಳಿಗೆ ಆ ಖಾತ್ರಿ ಇಲ್ಲ. ಇಂಗ್ಲಿಷಿನಲ್ಲಿ ಇದು ಗುಂಡಿ ಒತ್ತಿದಷ್ಟು ಸುಲಭ. ನಾನೂ ಹಾಗೆಯೇ ಬರೆದೆ: “ನಾನು ಬಾಗಿಲು ತೆರೆಯುತ್ತೇನೆ. ಕೊಡ ಎತ್ತಿಕೊಳ್ಳುತ್ತೇನೆ. ಬೀದಿಗೆ ಇಳಿಯುತ್ತೇನೆ.” ಮೂರು ಅಧ್ಯಾಯ ಬರೆದು ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. ಆಗ ಅವಳು ಒಂಬತ್ತನೆಯ ತರಗತಿ, ನನ್ನ ಮೊದಲ ಓದುಗಾರ್ತಿ. ಒಂದೇ ಪ್ರಶ್ನೆ ಕೇಳಿದಳು: “ಆಂಟಿ, ಇವಳು ದಿನಾ ಹೀಗೇ ಮಾಡುತ್ತಾಳಾ, ಇಲ್ಲ ನಾಳೆ ಮಾಡುತ್ತಾಳಾ?”

ಅಲ್ಲಿಗೆ ಮೂರು ಅಧ್ಯಾಯ ಬಿದ್ದುಹೋಯಿತು. ಕನ್ನಡದ ‘ತೆರೆಯುತ್ತೇನೆ’ ಈ ಕ್ಷಣದ್ದಲ್ಲ. ಅದು ರೂಢಿ, ಇಲ್ಲವೇ ನಾಳೆ, ಇಲ್ಲವೇ ಪ್ರತಿಜ್ಞೆ. ಸರಿ, ‘ತೆರೆಯುತ್ತಿದ್ದೇನೆ’ ಎಂದು ತಿದ್ದಿದೆ. ಎರಡು ಪುಟ ಗಟ್ಟಿಯಾಗಿ ಓದಿಕೊಂಡರೆ ಆಕಾಶವಾಣಿಯ ಕ್ರಿಕೆಟ್ ವೀಕ್ಷಕ ವಿವರಣೆ. ಹುಡುಗಿ ಸಾಯುವ ಭಯದಲ್ಲಿ ಓಡುತ್ತಿದ್ದಾಳೆ, ಕೇಳುವವರಿಗೆ ನಗು.

ದಾರಿ ತೋರಿಸಿದ್ದು ಯಾವ ವ್ಯಾಕರಣವೂ ಅಲ್ಲ, ನಮ್ಮಜ್ಜಿ ಕಥೆ ಹೇಳುತ್ತಿದ್ದ ರೀತಿ. ಕ್ರಿಯೆಗೆ ಭೂತಕಾಲ, ಕಂಡದ್ದಕ್ಕೆ ವರ್ತಮಾನ. “ಬಾಗಿಲು ತೆರೆದಳು. ಒಳಗೆ ಯಾರೂ ಇಲ್ಲ. ಒಲೆ ಉರಿಯುತ್ತಿದೆ, ಮೇಲೆ ಮಡಕೆ ಇಲ್ಲ.” ಕನ್ನಡದಲ್ಲಿ ಕಥೆ ಹೇಳುವ ಯಾರೇ ಆದರೂ ಗೊತ್ತಿಲ್ಲದೆ ಹೀಗೆ ಹೇಳುತ್ತಾರೆ. ‘ತೆರೆದೆ’ ಎನ್ನುವಾಗ ಓದುಗ ಹೊಸಿಲಲ್ಲಿದ್ದಾನೆ, ‘ಇಲ್ಲ’ ಎನ್ನುವಾಗ ಒಳಗೆ ಬಂದು ನಿಂತಿದ್ದಾನೆ. ನನಗೆ ಬೇಕಾಗಿದ್ದ ಈ ಕ್ಷಣ ‘ಇದೆ’, ‘ಇಲ್ಲ’ಗಳೊಳಗೆ ಕೂತಿತ್ತು. ಅದರ ಜೊತೆಗೆ ಗೋಡೆಗೊಂದು ಪಟ್ಟಿ ಅಂಟಿಸಿಕೊಂಡೆ: ‘ಆಮೇಲೆ ತಿಳಿಯಿತು’, ‘ಇಂದಿಗೂ ನೆನಪಿದೆ’, ‘ಅಂದು’, ‘ಆ ದಿನಗಳಲ್ಲಿ’, ಇವು ನಿಷಿದ್ಧ. ಭೂತಕಾಲದಲ್ಲಿ ಬರೆದರೂ ನಾಳೆ ಏನಾಗುತ್ತದೆಂದು ನಾಯಕಿಗೆ ಗೊತ್ತಿರಬಾರದು. ಇನ್ನೊಂದು ಉಡುಗೊರೆ ಭಾಷೆಯಿಂದ ಉಚಿತವಾಗಿ ಬಂತು. ‘ಓಡಿದೆ’ ಎಂಬಲ್ಲಿ ಹೆಣ್ಣೋ ಗಂಡೋ ತಿಳಿಯುವುದಿಲ್ಲ. ‘ನಾನು’ ಕೂಡ ಬೇಕಾಗಿಲ್ಲ. ಮೊದಲ ಆರು ಪುಟ ಓಡುತ್ತಿರುವುದು ಯಾರು ಎಂದು ಹೇಳದೆ ನಡೆಸಿದೆ, ನೀರಿನ ಸಾಲಿನಲ್ಲಿ ಒಬ್ಬ “ಏ ಹುಡುಗಿ” ಎಂದು ಕೂಗುವ ತನಕ.

ನಿರೂಪಣೆಯ ಈ ಬಿಗಿ ಎಷ್ಟು ದುಡಿಯುತ್ತದೆ ಎಂಬುದು ನನಗೆ ಪೂರ್ತಿ ಮನದಟ್ಟಾದದ್ದು 2012ರ ಸಿನಿಮಾವನ್ನು ಎರಡನೆಯ ಸಲ ನೋಡಿದಾಗ. ಚಿತ್ರಕಥೆಯಲ್ಲಿ ಕಾಲಿನ್ಸ್ ಅವರ ಕೈಯೂ ಇದೆ. ಸಿನಿಮಾ ಕ್ಯಾಟ್ನಿಸ್‌ಳ ತಲೆಯೊಳಗಿಂದ ಹೊರಗೆ ಬಂದು ಆಟ ನಡೆಸುವವರ ನಿಯಂತ್ರಣ ಕೊಠಡಿ ತೋರಿಸುತ್ತದೆ. ಅಲ್ಲೊಬ್ಬರು ಗುಂಡಿ ಒತ್ತಿದರು, ಇಲ್ಲಿ ಕಾಡಿಗೆ ಬೆಂಕಿ. ನೋಡಲು ಚೆನ್ನಾಗಿದೆ. ಪುಸ್ತಕದಲ್ಲಿ ಬೆಂಕಿ ಸುಮ್ಮನೆ ಬರುತ್ತದೆ. ಯಾರು ಹಚ್ಚಿದರು, ಎಲ್ಲಿ ಕೂತು ಹಚ್ಚಿದರು ಎಂದು ಅವಳು ಓಡುತ್ತಲೇ ಊಹಿಸಬೇಕು. ಕಾಣದಿರುವುದೇ ಹೆಚ್ಚು ಹೆದರಿಸುತ್ತದೆ. ಅಂದಿನಿಂದ ನನ್ನ ಕಾದಂಬರಿಯಲ್ಲಿ ಒಬ್ಬ ಅಧಿಕಾರಿಯ ಮುಖವನ್ನೂ ತೋರಿಸಲಿಲ್ಲ. ಸುತ್ತೋಲೆಗಳನ್ನು ಮಾತ್ರ ತೋರಿಸಿದೆ. “ಸೂಕ್ತ ಕ್ರಮ ಜರುಗಿಸಲಾಗುವುದು”, “ಮೇಲ್ಕಂಡ ಕುಟುಂಬದ ಹಂಚಿಕೆಯನ್ನು ಪರಿಷ್ಕರಿಸಲಾಗಿದೆ”. ಜರುಗಿಸುವವರು ಯಾರು, ಪರಿಷ್ಕರಿಸಿದವರು ಯಾರು? ವಾಕ್ಯದಲ್ಲಿ ಇಲ್ಲ. ನಮ್ಮ ಕಚೇರಿ ಕನ್ನಡದಲ್ಲಿ ಕರ್ತೃವೇ ಇರುವುದಿಲ್ಲ ಎಂದು ಮೇಷ್ಟ್ರುಗಳು ಬೈಯುತ್ತಿದ್ದುದುಂಟು. ನನಗೆ ಅದು ಒದಗಿದ್ದು ಕಾದಂಬರಿಯ ಖಳನಾಯಕನಾಗಿ.

ಕಾಲಿನ್ಸ್ ಕಾದಂಬರಿಗೆ ಬಂದದ್ದು ನಾಟಕ ಮತ್ತು ಟೀವಿಯಿಂದ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ಮತ್ತು ದೂರಸಂಪರ್ಕ, ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನಾಟಕರಚನೆ. 1991ರಿಂದ ಮಕ್ಕಳ ಟೀವಿ ಕಾರ್ಯಕ್ರಮಗಳಿಗೆ ಬರೆದರು. ಪುಟಾಣಿಗಳಿಗಾಗಿ ಮಾಡಿದ ‘ಲಿಟಲ್ ಬೇರ್’ ಕೂಡ ಅದರಲ್ಲಿದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಪ್ರೋಮೋಸ್ ಎಂಬ ಲೇಖಕ-ಚಿತ್ರಕಾರರು ಪುಸ್ತಕ ಬರೆಯಿರಿ ಎಂದು ಹುರಿದುಂಬಿಸಿದರು. 2003ರಿಂದ 2007ರವರೆಗೆ ಬಂದ ಐದು ಪುಸ್ತಕಗಳ ಮೊದಲ ಸರಣಿಯಲ್ಲಿ ನ್ಯೂಯಾರ್ಕಿನ ಹುಡುಗನೊಬ್ಬ ತಾನಿರುವ ಕಟ್ಟಡದ ಬಟ್ಟೆ ಒಗೆಯುವ ಕೋಣೆಯ ಜಾಲರಿಯ ಮೂಲಕ ಪಾತಾಳಕ್ಕೆ ಬೀಳುತ್ತಾನೆ. ‘ಆಲಿಸ್’ ಕಥೆಯ ಮೊಲದ ಬಿಲಕ್ಕೆ ಬದಲು ನಗರದಲ್ಲಿ ಸಿಗುವ ತೂತು.

ಕರಡಿಮರಿಯ ಕಥೆ ಬರೆಯುತ್ತಿದ್ದವರು ಮಕ್ಕಳ ಕೊಲೆಯ ಕಥೆ ಬರೆದರಲ್ಲ ಎಂದು ಹಲವರು ಹುಬ್ಬೇರಿಸುತ್ತಾರೆ. ಧಾರಾವಾಹಿ ಬರೆಯುವವರಿಗೆ ಹಾಗೆ ಅನ್ನಿಸುವುದಿಲ್ಲ. ‘ಹಂಗರ್ ಗೇಮ್ಸ್’ನಲ್ಲಿ 27 ಅಧ್ಯಾಯ, ಒಂಬತ್ತೊಂಬತ್ತರ ಮೂರು ಭಾಗ. ಮುಂದಿನ ಎರಡು ಪುಸ್ತಕಗಳದೂ ಅದೇ ಕಟ್ಟು. ಮೂರು ಅಂಕದ ನಾಟಕವನ್ನು ಅಳೆದು ಕತ್ತರಿಸಿದ ಹಾಗೆ. ಪ್ರತಿ ಅಧ್ಯಾಯದ ಕೊನೆಗೆ ನಾವು ‘ಹುಕ್’ ಎನ್ನುವ ಕೊಕ್ಕೆ ಇರುತ್ತದೆ. ವ್ಯತ್ಯಾಸ ಇಷ್ಟೇ: ನಮ್ಮ ಕೊಕ್ಕೆ ಬಹುಪಾಲು ಮೋಸದ್ದು, ಬಾಗಿಲು ಬಡಿದವರು ಯಾರು ಎಂದು ಮರುದಿನ ನೋಡಿದರೆ ಹಾಲಿನವನು. ಕಾಲಿನ್ಸ್ ಕೊಕ್ಕೆಗೆ ಸಿಕ್ಕಿಸಿದ್ದನ್ನು ಮರುಪುಟದಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಸರು ಬಂದರೆ ಬಂದೇಬಿಟ್ಟಿತು. ನಾನು ಅಡುಗೆಮನೆಯ ಗೋಡೆಗೆ 27 ಚೀಟಿ ಅಂಟಿಸಿ, ಪ್ರತಿ ಚೀಟಿಯಲ್ಲಿ ಈ ಅಧ್ಯಾಯದಲ್ಲಿ ಮರಳಿ ಪಡೆಯಲಾಗದ್ದು ಯಾವುದು ಎಂದು ಬರೆದೆ. ಬರೆಯಲು ಏನೂ ಇಲ್ಲದ ಐದು ಚೀಟಿ ಕಿತ್ತುಹಾಕಿದೆ. ನನ್ನದು 22 ಅಧ್ಯಾಯ.

ಈ ಕಥೆ ತಮಗೆ ಹೊಳೆದ ರಾತ್ರಿಯ ಬಗ್ಗೆ ಕಾಲಿನ್ಸ್ ಹಲವು ಸಲ ಹೇಳಿದ್ದಾರೆ. ಟೀವಿಯಲ್ಲಿ ಚಾನೆಲ್ ಬದಲಿಸುತ್ತ ಕೂತಿದ್ದರಂತೆ. ಒಂದರಲ್ಲಿ ಪೈಪೋಟಿಯ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧದ ದೃಶ್ಯ. ಬದಲಿಸುತ್ತ ಬದಲಿಸುತ್ತ ಎರಡೂ ಒಂದರೊಳಗೊಂದು ಕಲಸಿಹೋದವು. ಅವರು ಪರದೆಯ ಹೊರಗಿದ್ದರು. ನಾನು ಒಳಗಿದ್ದೆ.

ಯಾವ ವಾಹಿನಿ ಎಂದು ಬರೆಯುವುದಿಲ್ಲ. ಮಕ್ಕಳ ಹಾಡಿನ ಸ್ಪರ್ಧೆಯೊಂದಕ್ಕೆ ನಿರೂಪಕರ ಮಾತು ಬರೆಯುವ ಕೆಲಸ ಒಂದು ಋತು ಮಾಡಿದ್ದೆ. ತೆರೆಯ ಮೇಲೆ ತಾನಾಗಿ ಹುಟ್ಟಿದಂತೆ ಕಾಣುವ ಮಾತುಗಳಲ್ಲಿ ಮುಕ್ಕಾಲು ಪಾಲು ಹಿಂದಿನ ರಾತ್ರಿ ಟೈಪಾಗಿರುತ್ತವೆ. ಹತ್ತು ವರ್ಷದ ಹುಡುಗನೊಬ್ಬನ ತಂದೆ ಸಾಲ ಮಾಡಿ ಊರು ಬಿಟ್ಟಿದ್ದ. ಹುಡುಗ ವೇದಿಕೆಯ ಮೇಲೆ ಅದನ್ನು ಹೇಳಬೇಕು, ಹೇಳಿ ಹಾಡಬೇಕು, ಹಾಗೆ ಪ್ರಶ್ನೆ ಬರೆದುಕೊಡಿ ಎಂದರು. ಬರೆದುಕೊಟ್ಟೆ. “ಅಪ್ಪ ಈಗ ಇದನ್ನು ನೋಡುತ್ತಿದ್ದರೆ ಏನು ಹೇಳುತ್ತೀಯಾ ಪುಟ್ಟಾ?” ಹುಡುಗ ಏನೂ ಹೇಳಲಿಲ್ಲ. ಸುಮ್ಮನೆ ನಿಂತ. ಮೈಕು ಹಿಡಿದ ಕೈಯನ್ನು ಕೆಳಗಿಳಿಸಿ ಅಂಗಿಯ ಗುಂಡಿ ಸರಿಮಾಡಿಕೊಂಡ. ಆ ಮೌನಕ್ಕೆ ಪಿಟೀಲು ಸೇರಿಸಿ ಪ್ರೋಮೊ ಮಾಡಿದರು. ಆ ಪ್ರಶ್ನೆಗೆ ನನಗೆ ಸಂಭಾವನೆ ಬಂತು.

ಕಾಲಿನ್ಸ್ ಅವರ ಸೀಸರ್ ಫ್ಲಿಕರ್‌ಮನ್ ಎಂಬ ನಿರೂಪಕ, ನಾಳೆ ಸಾಯಬಹುದಾದ ಮಕ್ಕಳನ್ನು ಥಳಕಿನ ಉಡುಪಿನಲ್ಲಿ ಕೂರಿಸಿ ನಗಿಸುತ್ತಾನೆ. ಅವನು ದುಷ್ಟನಲ್ಲ. ಹೆದರಿದ ಮಗುವಿಗೆ ಮಾತು ಹೊರಡುವಂತೆ ಸಹಾಯವನ್ನೇ ಮಾಡುತ್ತಾನೆ, ಕಸುಬು ಬಲ್ಲವನು. ಓದುವಾಗ ಬೆವರಿದೆ, ಅವನಿಗೆ ಪ್ರಶ್ನೆ ಬರೆದುಕೊಡುವವರು ಯಾರೋ ಇರುತ್ತಾರೆ ಎಂದು ನನಗೆ ಗೊತ್ತಿತ್ತು. ನನ್ನ ಕಾದಂಬರಿಯಲ್ಲಿ ಮುಖ ಕಾಣಿಸದ, ಹೆಸರಿಲ್ಲದ ಒಬ್ಬಳು ಬರುತ್ತಾಳೆ, ನೀರು ಹಂಚುವ ಕಟ್ಟೆಯ ಧ್ವನಿವರ್ಧಕಕ್ಕೆ ಪ್ರಕಟಣೆ ಬರೆದುಕೊಡುವವಳು. ಮೂರೇ ಪುಟ. ಅವಳು ನಾನು.

ಕಾಲಿನ್ಸ್ ಬಾಲ್ಯದಲ್ಲಿ ಓದಿದ ಗ್ರೀಕ್ ಕಥೆಯೊಂದು ಈ ಸರಣಿಯ ತಾಯಿಬೇರು. ಅಥೆನ್ಸ್ ನಗರ ಏಳು ಹುಡುಗರನ್ನು, ಏಳು ಹುಡುಗಿಯರನ್ನು ಕ್ರೀಟ್ ದ್ವೀಪಕ್ಕೆ ಕಳಿಸಬೇಕು, ಅಲ್ಲಿ ಗೂಳಿಮುಖದ ರಾಕ್ಷಸ ಅವರನ್ನು ತಿನ್ನುತ್ತಾನೆ. ನಮಗೆ ಏಕಚಕ್ರ ನಗರಿಯ ಬಕಾಸುರ ನೆನಪಾಗದೆ ಇರುತ್ತಾನೆಯೇ? ಒಂದು ಬಂಡಿ ಅನ್ನ, ಜೊತೆಗೆ ಒಬ್ಬ ಮನುಷ್ಯ. ಆ ಬ್ರಾಹ್ಮಣನ ಮನೆಯಲ್ಲಿ ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಎಲ್ಲರೂ ಅಳುವಾಗ, ತೊದಲು ಮಾತಿನ ಮಗು ಒಂದು ಹುಲ್ಲುಕಡ್ಡಿ ಹಿಡಿದು ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತದೆ. ಕೊನೆಗೆ ಅವರ ಬದಲು ಹೋಗುವವನು ಭೀಮ. ಕ್ಯಾಟ್ನಿಸ್ ತಂಗಿಯ ಬದಲು ಹೋಗುವುದೂ ಹೀಗೆಯೇ ಎಂದು ಮೊದಲಿಗೆ ಬೀಗಿದೆ. ಯೋಚಿಸಿದಂತೆ ಎರಡು ಕಡೆ ಬಿರುಕು ಕಂಡಿತು. ಏಕಚಕ್ರದಲ್ಲಿ ಸರದಿ ಇದೆ, ಪ್ರತಿ ಮನೆಗೂ ಒಂದು ದಿನ ಬರುತ್ತದೆ. ಪಾನೆಮ್‌ನ ಚೀಟಿಯೂ ಜಿಲ್ಲೆಗಳ ಎಲ್ಲ ಮಕ್ಕಳ ಹೆಸರಿನಲ್ಲೇ ಇದೆ, ಆದರೆ ಹಸಿದ ಮನೆಯವರದು ಹೆಚ್ಚು. ಇನ್ನೊಂದು, ಭೀಮ ಹೊರಟರೆ ಕೇಳುವವರಿಗೆ ಭಯವಿಲ್ಲ, ಬಂಡಿಯ ಅನ್ನವನ್ನು ಅವನೇ ತಿನ್ನುತ್ತಾನೆಂಬ ಖುಷಿ. ಕಾಲಿನ್ಸ್ ಕಳಿಸಿದ್ದು ಹುಲ್ಲುಕಡ್ಡಿಯ ಮಗುವನ್ನು. ನಾನೂ ಭೀಮನನ್ನು ಕಥೆಯಿಂದ ತೆಗೆದೆ. ಮೊದಲ ಕರಡಿನಲ್ಲಿ ಪೊಲೀಸ್ ಕೆಲಸ ಬಿಟ್ಟ ಒಬ್ಬ ಮಾವ ಇದ್ದ, ಎಲ್ಲ ಕಷ್ಟಕ್ಕೂ ಬಂದು ನಿಲ್ಲುತ್ತಿದ್ದ. ಧಾರಾವಾಹಿಯ ಚಾಳಿ.

ದಿನಚರಿಯ ವಿಷಯದಲ್ಲಿ ಕಾಲಿನ್ಸ್ ಹೇಳಿದ್ದು ನನಗೆ ದೊಡ್ಡ ಸಮಾಧಾನ ತಂದಿತು. ಬೆಳಿಗ್ಗೆ ಏನೋ ಒಂದಿಷ್ಟು ತಿಂದು ಬೇಗ ಬರೆಯಲು ಕೂರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಬತ್ತಿಹೋಗುತ್ತಾರೆ, ಮೂರರಿಂದ ಐದು ಗಂಟೆ ಬರೆದರೆ ಒಳ್ಳೆಯ ದಿನ. ಕೆಲವು ದಿನ ಗೋಡೆ ನೋಡುವುದೇ ಕೆಲಸ, ಅದೂ ಕೆಲಸವೇ. ನನಗೆ ಸಿಗುತ್ತಿದ್ದದ್ದು ಬೆಳಗಿನ ಐದರಿಂದ ಆರೂವರೆ. ಅದರಲ್ಲಿ ಗೋಡೆಯ ಪಾಲನ್ನೂ ಧೈರ್ಯವಾಗಿ ಬರೆದಿಟ್ಟುಕೊಂಡೆ. ಡೈರಿಯಲ್ಲಿ ‘ಗೋಡೆ’ ಎಂದು ಬರೆದ ದಿನಗಳು ವಾರಕ್ಕೆ ಎರಡಾದರೂ ಇವೆ. ಅವರು ಸಂದರ್ಶನ ಕೊಡುವುದು ಅಪರೂಪ. ‘ಮಾಕಿಂಗ್‌ಜೇ’ ಆದ ಮೇಲೆ ಪಾನೆಮ್‌ಗೆ ಮರಳಿದ್ದು 2020ರಲ್ಲಿ, ಖಳನ ಯೌವನದ ಕಥೆಯೊಂದಿಗೆ. ಆ ಪುಸ್ತಕದಲ್ಲಿ ‘ನಾನು’ ಇಲ್ಲ, ‘ಅವನು’ ಇದೆ; ಅವನ ತಲೆಯೊಳಗೆ ನಮ್ಮನ್ನು ಕೂರಿಸಿದರೂ ಒಂದು ಗೇಣು ದೂರ ಉಳಿಸಿದ್ದಾರೆ. 2025ರ ಪುಸ್ತಕದಲ್ಲಿ ಮತ್ತೆ ‘ನಾನು’. ಹತ್ತು ವರ್ಷ ಪಾನೆಮ್ ಕಡೆ ಸುಳಿಯದೆ, ಹೇಳಬೇಕಾದದ್ದು ಇದ್ದಾಗ ಮಾತ್ರ ಬರುವ ಈ ಹಟ ನನಗೆ ಇಷ್ಟ. ವಾರಕ್ಕೆ ಐದು ಎಪಿಸೋಡು ಬರೆಯುವವಳಿಗೆ ಅಸೂಯೆ ಎಂದರೂ ಸರಿ.

ನನ್ನ ಪುಸ್ತಕದ ಪ್ರಕಟಣೆಯ ಕಥೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಒಬ್ಬ ಪ್ರಕಾಶಕರು ಇದು ಮಕ್ಕಳ ಪುಸ್ತಕವೋ ದೊಡ್ಡವರದೋ ಮೊದಲು ತೀರ್ಮಾನಿಸಿ ಎಂದರು. ಇನ್ನೊಬ್ಬರು ಕೊನೆಗೆ ಹುಡುಗಿ ಗೆಲ್ಲಲಿ, ಗ್ರಂಥಾಲಯಕ್ಕೆ ಆಯ್ಕೆಯಾಗಲು ಅನುಕೂಲ ಎಂದರು. ಕಡೆಗೆ ಕೈಯಿಂದ ಹಣ ಹಾಕಿ 500 ಪ್ರತಿ ಅಚ್ಚು ಹಾಕಿಸಿದೆ. ಅಂಗಡಿಗಳಲ್ಲಿ ಒಂದು ಕಡೆ ಬಣ್ಣದ ಪಂಚತಂತ್ರದ ಪಕ್ಕ, ಇನ್ನೊಂದು ಕಡೆ ವ್ಯಕ್ತಿತ್ವ ವಿಕಸನದ ಪಕ್ಕ ಇಟ್ಟಿದ್ದರು. ಹದಿನಾಲ್ಕರಿಂದ ಹದಿನೆಂಟರವರಿಗೆಂದು ಕನ್ನಡದ ಕಪಾಟು ನಾನು ಹೋದ ಯಾವ ಅಂಗಡಿಯಲ್ಲೂ ಕಾಣಲಿಲ್ಲ.

ಅಚ್ಚಿಗೆ ಹೋಗುವ ಮುಂಚೆ ಕೊನೆಯ ಕರಡನ್ನು ಮತ್ತೆ ಪಕ್ಕದ ಮನೆಗೆ ಕೊಟ್ಟಿದ್ದೆ. ಹುಡುಗಿ ಆಗ ಹತ್ತನೆಯ ತರಗತಿ, ಪರೀಕ್ಷೆಯ ನಡುವೆ ಓದಬೇಡ ಎಂದರೂ ನಾಲ್ಕು ದಿನದಲ್ಲಿ ಮುಗಿಸಿ ಬಾಗಿಲ ಬಳಿ ಇಟ್ಟು ಹೋಗಿದ್ದಳು. ಅಭಿಪ್ರಾಯ ಏನಾದರೂ ಬರೆದಿದ್ದಾಳೇನೋ ಎಂದು ಹಾಳೆಗಳನ್ನು ತಿರುವಿದೆ. ಎಲ್ಲೂ ಏನೂ ಇಲ್ಲ. ಕೊನೆಯ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಭಾಗಾಕಾರ ಇತ್ತು. ಶಾಲೆಯ ಪರೀಕ್ಷೆಯಲ್ಲಿ ಅವಳು ತೆಗೆದ ಅಂಕ 487, ಅವರ ಮನೆಯಲ್ಲಿ ಐದು ಮಂದಿ, ತಲೆಗೆ 97.4. ಕೆಳಗೆ ಸಣ್ಣ ಅಕ್ಷರದಲ್ಲಿ: “ಅಜ್ಜಿಗೆ ಸ್ವಲ್ಪ ಜಾಸ್ತಿ ಕೊಡಬಹುದಾ ಆಂಟಿ, ಅಥವಾ ಸಮ ಪಾಲೇ ಆಗಬೇಕಾ?”